ತಂಗಿಯ ಮೊಬೈಲ್ ಬಚ್ಚಿಟ್ಟ ಎಂಟು ದಿನ

ತಂಗಿಯನ್ನು ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಕದ್ದು ನೋಡಿದೆ, ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟೆ, ಕೊನೆಗೆ ಅವಳ ಮೊಬೈಲನ್ನೇ ಬಚ್ಚಿಟ್ಟೆ.

ಕಾಲೇಜು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದ ವರ್ಷ ಅದು. ತಂಗಿ ಹುಮನಾಬಾದಿನಲ್ಲಿ ನನ್ನ ಜೊತೆಗಿದ್ದಳು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು ಹೊಲಿಗೆ ಮಷಿನಿಗೆ ಕೂತವಳು. ಮಾಸ್ತರರ ದನಿ ನಿಂತರೆ ಪಾಠ ಮುಗಿಯಿತು ಎಂದೇ ನನ್ನ ಲೆಕ್ಕ. ಆದರೆ ಆಮೇಲೂ ಅವಳ ಮೊಬೈಲ್ ಗೋಡೆಗೆ ಒರಗಿ ಚಾಲೂ ಇರುತ್ತಿತ್ತು. ಮಾತಿಲ್ಲ. ಅವಳು ಬರೆಯುತ್ತ, ಆಗಾಗ ತಲೆಯೆತ್ತಿ ಅದರತ್ತ ನೋಡಿ ನಗುತ್ತಿದ್ದಳು. ನಾನು ಒಳಗೆ ಬಂದರೆ ಪಟ್ಟನೆ ತಿರುಗಿಸಿಡುತ್ತಿದ್ದಳು. ಒಂದು ಮಧ್ಯಾಹ್ನ ಅದರೊಳಗಿಂದ ಗಂಡಸಿನ ಕೆಮ್ಮು ಕೇಳಿಸಿತು.

“ಪಾಠ ಭಾಳ ಚಂದ ನಡದದ ಬಿಡು,” ಎಂದು ಚುಚ್ಚಿದೆ.

“ಹೂಂ ಅಕ್ಕಾ.”

ಆ ಹೂಂ ಕೂಡ ನನಗೆ ಸುಳ್ಳೆನಿಸಿತು.

ಮರುದಿನ ಅವಳು ಸ್ನಾನಕ್ಕೆ ಹೋದಾಗ ಮೊಬೈಲ್ ಬಂದ್ ಮಾಡಿ, ಗಿರಾಕಿಗಳ ಕುಬುಸದ ಬಟ್ಟೆಯ ಗಂಟಿನೊಳಗೆ ತುರುಕಿದೆ. ಅವಳು ಮನೆಯೆಲ್ಲ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ, ಹಾಸಿಗೆ ಕೊಡವಿದೆ. ಅವಳು ಅತ್ತಾಗ, ಅಳು ಮೊಬೈಲಿಗಲ್ಲ, ಯಾವನಿಗೋ ಎಂದುಕೊಂಡೆ.

ಒಂಬತ್ತನೆಯ ದಿನ ಬಸವಕಲ್ಯಾಣದಿಂದ ಒಬ್ಬ ಹಿರಿಯರು ತಂಗಿಯ ಓರಗೆಯ ತಮ್ಮ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೆ ಹುಡುಕಿ ಬಂದರು. ಬಾಗಿಲಲ್ಲೇ ಕೆಮ್ಮಿದರು. ಅದೇ ಕೆಮ್ಮು.

“ನಿಮ್ಮ ತಂಗಿ ಆರಾಮ ಅದಾಳೇನ್ರಿ? ಫೋನ್ ಹತ್ತವಲ್ದು. ಇಕಿ ಅವ್ವ ತೀರಿದ ಮ್ಯಾಲ ನಮ್ಮ ಹುಡುಗಿ ಒಬ್ಬಾಕಿನೇ ಕುಂದ್ರಲಾಕ ಅಂಜತಾಳ್ರಿ. ನಿಮ್ಮ ತಂಗಿ ಫೋನಿನಾಗ ಜತಿ ಕುಂತ್ರ ಓದತಿದ್ಲು. ಈಗ ಪಾಠಾನೇ ಬಿಟ್ಟಾಳ.”

ಆ ಹುಡುಗಿ ನನ್ನ ತಂಗಿಯನ್ನು ಕಂಡದ್ದೇ ಬೆನ್ನಿಗೆ ಗುದ್ದಿದಳು. “ಹುಚ್ಚಿ, ನೀನೂ ಹೋದಿ ಅಂತ ತಿಳ್ಕೊಂಡಿದ್ದೆ!”

“ಆಕಿ ಅಳತಿದ್ಲು ಅಕ್ಕಾ,” ಎಂದಳು ತಂಗಿ. “ಯಾರೂ ನೋಡಬಾರದು ಅಂತ ಫೋನ್ ತಿರಗಿಸಿ ಇಡತಿದ್ದೆ.”

ನಾನು ಒಳಗೆ ಹೋಗಿ ಗಂಟು ಬಿಚ್ಚಿ ಮೊಬೈಲ್ ತಂದುಕೊಟ್ಟೆ. ತಂಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

“ನೀನೂ ಹುಡುಕಿದ್ದಿಯಲ್ಲ ಅಕ್ಕಾ.”

ನಾನು ಒಳಗೆ ಹೋಗಿ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದೆ. ಆ ಹುಡುಗಿ ಮತ್ತೆ ಪಾಠಕ್ಕೆ ಕೂತಳು. ತಂಗಿ ಮಾತ್ರ ಬಹಳ ದಿನ ನನ್ನ ಮುಂದೆ ಮೊಬೈಲ್ ಮುಟ್ಟಲೇ ಇಲ್ಲ. ವರ್ಷಗಳು ಕಳೆದು, ಮೊನ್ನೆ ಚಿಟಗುಪ್ಪದ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದಾಗ, ಜನರಿಗೆ ಕೇಳಿಸಿದರೆ ಕೇಳಿಸಲಿ ಎಂದು ಹೇಳಿಬಿಟ್ಟೆ:

“ನಿನ್ನ ಮ್ಯಾಲ ಸಂಶಯ ಮಾಡ್ದೆ. ಬಚ್ಚಿಟ್ಟಾಕಿ ನಾನೇ, ನಿನ್ನ ಸಂಗಟ ಹುಡುಕಿದಂಗ ಮಾಡಿದಾಕಿನೂ ನಾನೇ. ತಪ್ಪಾತು ತಂಗಿ, ನಂಗ ಮಾಫ್ ಮಾಡು.”