ಹಿಡಿಕಾಳು ಮತ್ತು ನನ್ನ ನೀಲಿ ಡ್ರಮ್ಮು

ಸೇವೆ ಮಾಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ಶಾಲೆಯಿಂದ ನಿವೃತ್ತಳಾದ ಮೇಲೆ. ಮೊದಲು ಇರಲೇ ಇಲ್ಲವೆಂದಲ್ಲ, ಪುರಸೊತ್ತಿರಲಿಲ್ಲ. ಈಗ ಪುರಸೊತ್ತು ಮನೆ ತುಂಬ ಬಿದ್ದುಕೊಂಡಿತ್ತು. ಬೆಟಗೇರಿಯ ನಮ್ಮ ಸಭೆ, ಅಂದರೆ ನಮ್ಮ ಚರ್ಚಿನ ಮಂದಿ, ನನ್ನಂಥವಳಿಗಾಗಿ ದಾರಿ ಕಾಯುತ್ತಿರುತ್ತಾರೆಂದು ನಂಬಿದ್ದೆ. ಹೋಗಿ ನೋಡಿದರೆ ಅಲ್ಲಿ ಒಂದು ಕೆಲಸವೂ ಖಾಲಿ ಇರಲಿಲ್ಲ.

ಸಣ್ಣ ಊರಿನ ಚರ್ಚಿನಲ್ಲಿ ಸೇವೆಯೆಂಬುದು ಮುಂಡರಗಿ ಬಸ್ಸಿನ ಸೀಟಿದ್ದ ಹಾಗೆ. ಎಲ್ಲದರ ಮೇಲೂ ಯಾರದೋ ಟವೆಲ್ಲು ಬಿದ್ದಿರುತ್ತದೆ. ಗಂಟೆ ಬಾರಿಸುವುದು ಒಂದು ಮನೆತನದ್ದು. ಹೂ ಇಡುವ ಹಕ್ಕು ಇಬ್ಬರು ಅಕ್ಕತಂಗಿಯರದು. ಅವರಿಬ್ಬರ ನಡುವೆ ಮಾತುಕತೆ ಇಲ್ಲದ್ದರಿಂದ ನಮ್ಮಲ್ಲಿ ಹೂದಾನಿಗಳು ಎರಡು. ಹಾಡುವ ತಂಡದಲ್ಲಿ ಜಾಗವಿತ್ತು, ಸೇರಿಕೊಂಡೆ. ಎರಡನೆಯ ಹಾಡಿಗೇ ತಂಡದ ಮುಖ್ಯಸ್ಥ, ನನ್ನ ಹಳೆಯ ವಿದ್ಯಾರ್ಥಿ, ಬಹಳ ವಿನಯದಿಂದ ಹೇಳಿದ: "ಅಕ್ಕೋರ, ನೀವು ಮುಂದ ಕುಂತು ಕೇಳಿದ್ರ ನಮಗ ಧೈರ್ಯ ಬರ್ತೈತ್ರಿ." ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ. ಅಷ್ಟು ಮರ್ಯಾದೆಯಿಂದ ಹೊರಗೆ ಹಾಕಿಸಿಕೊಂಡದ್ದು ಅದೇ ಮೊದಲು. ಆಮೇಲೆ ಭಾನುವಾರದ ಮಕ್ಕಳ ಶಾಲೆಗೆ ಹೋದೆ. ಅಲ್ಲಿ ಅಭ್ಯಾಸಬಲದಿಂದ ಹಾಜರಿ ಕೂಗಿ, ಉಗುರು ನೋಡಿ, ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದೆ. ಮುಂದಿನ ವಾರ ಮಕ್ಕಳಿಗೆಲ್ಲ ಒಟ್ಟಿಗೇ ಹೊಟ್ಟೆನೋವು ಬಂತು.

ಉಳಿದದ್ದು ರೋಗಿಗಳನ್ನು ಕಂಡು ಬರುವ ಹೆಂಗಸರ ಗುಂಪು. ಇದಕ್ಕೆ ದನಿ ಬೇಕಿಲ್ಲ, ಕಾಲಿದ್ದರೆ ಸಾಕು. ನೇಕಾರರ ಓಣಿಯ ಶಾಂತವ್ವನ ಮನೆಗೆ ಮೊದಲು ಹೋದದ್ದು ಹೀಗೆ. ಶಾಂತವ್ವ ಎಷ್ಟೋ ವರ್ಷಗಳಿಂದ ಶನಿವಾರ ಸಂಜೆ ಬಂದು, ಚರ್ಚಿನ ನೆಲ ಗುಡಿಸಿ ಒರೆಸಿ, ಜಮಖಾನೆ ಹಾಸಿ ಹೋಗುತ್ತಿದ್ದವಳು. ಅಲ್ಲಿಯ ಮೆಟ್ಟಿಲಲ್ಲೇ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಡಾಕ್ಟರು ವಾಕರ್ ಕೊಟ್ಟು, ದಿನಾ ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಪೂರ್ತಿ ಬಿಗಿದುಕೊಂಡುಬಿಡುತ್ತದೆ ಎಂದು ಹೆದರಿಸಿ ಕಳಿಸಿದ್ದರು. ಶಾಂತವ್ವ ವಾಕರನ್ನು ಗೋಡೆಗೆ ಆನಿಸಿ, ಅದರ ಮೇಲೆ ಸೀರೆ ಒಣಹಾಕಿಸಿದ್ದಳು.

ನಾವು ಬ್ರೆಡ್ಡು, ಬಾಳೆಹಣ್ಣು ಇಟ್ಟು ಪ್ರಾರ್ಥನೆ ಮಾಡಿದೆವು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ಉಳಿದವರು ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ನಾನು ಒಬ್ಬಳೇ ಹಿಂದೆ ನಿಂತು, ಎದ್ದು ನಡೆಯಬೇಕು ಶಾಂತವ್ವ, ಎಂದು ಮಾಸ್ತರಿಕೆ ಶುರು ಮಾಡಿದೆ.

"ನಡದು ಎಲ್ಲಿಗೆ ಹೋಗ್ಲಿ ಅಕ್ಕೋರ?" ಅಂದಳು ಗೋಡೆಗೇ. "ಜಮಖಾನಿ ಹಾಸಾಕ ಬ್ಯಾರೇದಾವ್ರು ಬಂದ್ರು. ಈಗ ಎಲ್ಲಾರೂ ನನಗ ತಂದು ಕೊಡಾವ್ರ. ನನ್ನ ಕಡಿಂದ ಒಯ್ಯಾವ್ರು ಒಬ್ಬರೂ ಇಲ್ಲ. ಬರೇ ಕುಂಡ್ರಾಕ ಅಲ್ಲಿ ತನಕ ಯಾಕ ಬರ್ಲಿ?"

ಬರೇ ಕೂತುಕೊಳ್ಳಲಾಗದೆ ಕೆಲಸ ಹುಡುಕುತ್ತ ಅಲೆಯುತ್ತಿದ್ದವಳು ನಾನೇ ಅಲ್ಲವೇ? ಮನೆಗೆ ಬರುವ ದಾರಿಯಲ್ಲಿ ಬಾಳೆಹಣ್ಣಿನ ಮೇಲೆ ಸುಮ್ಮನೆ ಸಿಟ್ಟು ಬಂತು.

ಅಷ್ಟರಲ್ಲಿ ನಮ್ಮ ಸಭಾಪಾಲಕರು, ಅಂದರೆ ಪಾದ್ರಿಗಳು, ಕರುಣೆ ತೋರಿ ನನಗೊಂದು ಕೆಲಸ ಕೊಟ್ಟರು: ಹಿಡಿಕಾಳಿನ ಮೇಲ್ವಿಚಾರಣೆ. ಹಿಡಿಕಾಳು ನಮ್ಮ ಹೆಂಗಸರ ಹಳೆಯ ಪದ್ಧತಿ. ಅಡುಗೆಗೆ ಕಾಳು ತೆಗೆಯುವಾಗ ಒಂದು ಹಿಡಿಯನ್ನು ದೇವರದೆಂದು ಬೇರೆ ಇಡುವುದು. ಲಕ್ಷ್ಮೇಶ್ವರದ ನನ್ನ ತವರಿನಲ್ಲಿ ಒಲೆಯ ಪಕ್ಕ ಇದಕ್ಕೆಂದೇ ಒಂದು ಕುಡಿಕೆ ಇತ್ತು. ಅವ್ವ ಅಪ್ಪನ ಜೊತೆ ಜಗಳವಾಡುತ್ತಲೇ ಅದಕ್ಕೆ ಹಿಡಿ ಹಾಕುತ್ತಿದ್ದಳು. ತಿಂಗಳ ಮೊದಲ ಭಾನುವಾರ ಅದನ್ನೆಲ್ಲ ಚರ್ಚಿಗೆ ತಂದು ಸುರಿಯುತ್ತಾರೆ. ಊರಿನ ಆಸ್ಪತ್ರೆಗೆ ಸೊರಟೂರು, ಹಿರೇಹಂದಿಗೋಳ, ಶಿರಹಟ್ಟಿ ಕಡೆಯಿಂದ ರೋಗಿಗಳ ಜೊತೆ ಬಂದು ಮರದ ಕೆಳಗೆ ಕಾಯುವ ಮನೆಮಂದಿಗೆ ಆ ಕಾಳಿನಿಂದ ಅನ್ನ, ರೊಟ್ಟಿ ಆಗುತ್ತದೆ.

ಹಿಡಿಯ ಬಗ್ಗೆ ಒಂದು ಮಾತು. ಮನುಷ್ಯ ಸೇರು, ಪಾವು, ಚಟಾಕು ಎಂದೆಲ್ಲ ಅಳತೆ ಮಾಡಿದ, ಅವಕ್ಕೆ ಸರಕಾರದ ಮುದ್ರೆ ಒತ್ತಿಸಿದ, ಕೊನೆಗೆ ಅವನ್ನೆಲ್ಲ ಬಿಸಾಕಿ ಕಿಲೋ ತಂದ. ಹಿಡಿ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಮುದ್ರೆಯೂ ಇಲ್ಲ, ತಪಾಸಣೆಯೂ ಇಲ್ಲ. ಪೈಲವಾನನ ಹಿಡಿಯೂ ಹಿಡಿಯೇ, ಬಾಣಂತಿಯ ಹಿಡಿಯೂ ಹಿಡಿಯೇ. ದೇವರು ಅಂಗಡಿ ಇಟ್ಟಿದ್ದರೆ ಎಂದೋ ದಿವಾಳಿ ಏಳುತ್ತಿದ್ದ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆದರೆ ಮೇಲ್ವಿಚಾರಕಿಯಾದ ಮೇಲೆ ಸುಮ್ಮನಿರುವುದು ಹೇಗೆ? ಚರ್ಚಿನ ಪಡಸಾಲೆಯಲ್ಲಿ ಅಕ್ಕಿಗೊಂದು, ಜೋಳಕ್ಕೊಂದು, ಗೋಧಿಗೊಂದು, ಹೆಸರಿಗೊಂದು ಚೀಲ ಇಡುತ್ತಿದ್ದರು. ಸೋನಾಮಸೂರಿ ತಂದವರು ನಿಧಾನವಾಗಿ, ಎಲ್ಲರಿಗೂ ಕಾಣುವಂತೆ ಸುರಿಯುತ್ತಿದ್ದರು. ಕೂಲಿಗೆ ಹೋಗುವ ಹೆಂಗಸರು ರೇಶನ್ ಜೋಳವನ್ನು ಸೆರಗಿನ ಮರೆಯಲ್ಲಿ ಹಾಕಿ ಸರಿದುಬಿಡುತ್ತಿದ್ದರು. ನನಗೆ ಇದು ಸರಿಬರಲಿಲ್ಲ. ಬಾಯಿ ಕಿರಿದಾದ ಒಂದು ದೊಡ್ಡ ನೀಲಿ ಡ್ರಮ್ಮು ತರಿಸಿದೆ. ಎಲ್ಲರ ಕಾಣಿಕೆಯೂ ಒಂದೇ ಪಾತ್ರೆಗೆ, ಯಾರದು ಏನೆಂದು ಯಾರಿಗೂ ಕಾಣಬಾರದು ಎಂದು ಚಿಕ್ಕ ಭಾಷಣವನ್ನೂ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ಸಭಾಪಾಲಕರಂತೂ ಅಂದಿನ ಉಪದೇಶವನ್ನೇ ಐಕ್ಯತೆಯ ಮೇಲೆ ಮಾಡಿದರು.

ಐಕ್ಯತೆ ಎಷ್ಟು ಗಟ್ಟಿಯಾಗಿ ಬಂದಿತ್ತೆಂಬುದು ಡ್ರಮ್ಮು ಬೋರಲು ಹಾಕಿದಾಗ ತಿಳಿಯಿತು. ಅಕ್ಕಿ, ಜೋಳ, ಗೋಧಿ, ಹೆಸರು, ತೊಗರಿಬೇಳೆ, ಜೊತೆಗೆ ಯಾರೋ ಉತ್ಸಾಹಿಯ ಅವಲಕ್ಕಿ, ಎಲ್ಲ ಒಂದಾಗಿ ನನ್ನನ್ನೇ ನೋಡುತ್ತಿದ್ದವು. ಬೇಯಿಸಿದರೆ ಒಂದು ಗಂಜಿಯಾಗುವಷ್ಟರಲ್ಲಿ ಇನ್ನೊಂದು ಕಲ್ಲಾಗಿಯೇ ಉಳಿಯುತ್ತದೆ. ಬೀಸಿದರೆ ರೊಟ್ಟಿ ತಟ್ಟಲು ಬರುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ, ಹೀಗಾಗುತ್ತದೆಂದು ಹೊಳೆಯಲೇ ಇಲ್ಲವಲ್ಲ!

"ಅಕ್ಕೋರ, ಇದನ್ನ ಏನಂತ ಕುದಸೂಣ್ರಿ?" ಎಂದರು ಸಭಾಪಾಲಕರು. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಾಗದೆ.

ಆರಿಸಬೇಕೆಂದರೆ ಮರ ಬೇಕು, ಅಂದರೆ ಕಾಳು ಕೇರುವ ಬಿದಿರಿನ ಮರ. ನಮ್ಮ ಮನೆಯಲ್ಲಿದ್ದದ್ದು ಪ್ಲಾಸ್ಟಿಕ್ಕು, ಅದೂ ಗೋಡೆಗೆ ಅಂದಕ್ಕೆ ತೂಗು ಹಾಕಿದ್ದು. ಒಳ್ಳೆಯ ಹಳೆಯ ಮರ ಶಾಂತವ್ವನ ಮನೆಯಲ್ಲಿದ್ದದ್ದು ನೆನಪಿತ್ತು. ಒಂದು ಚೀಲದಲ್ಲಿ ನನ್ನ ಅಪರಾಧದ ಸ್ವಲ್ಪ ಭಾಗ ತುಂಬಿಕೊಂಡು ಅವಳ ಮನೆಗೆ ಹೋದೆ. ಆ ದಿನ ಬಾಳೆಹಣ್ಣು ಒಯ್ದಿರಲಿಲ್ಲ.

"ಮರ ಬೇಕಾಗಿತ್ತು ಶಾಂತವ್ವ," ಎಂದೆ. ಅವಳು ಈ ಕಡೆ ಹೊರಳಿದಳು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದಳು.

"ಅಲ್ರೀ, ಯಾ ಪುಣ್ಯಾತ್ಮಗಿತ್ತಿ ಇದನ್ನ ಹಿಂಗ ಕಲಸಿದಾಕಿ?"

"ನಾನ."

ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ನಕ್ಕಳು. ಸೊಂಟ ಹಿಡಿದುಕೊಂಡು, ನೋವಿಗೆ ಮುಖ ಕಿವುಚಿ, ಮತ್ತೆ ನಕ್ಕಳು. ಬಿದ್ದ ಮೇಲೆ ಅತ್ತೆ ನಕ್ಕದ್ದು ಇದೇ ಮೊದಲೆಂದು ಅವಳ ಸೊಸೆ ಆಮೇಲೆ ಹೇಳಿದಳು.

"ನಿಮ್ಮ ಕೈಲಿ ಇದು ಆಗೂದಲ್ಲ, ಬಿಡ್ರಿ. ಇಲ್ಲಿ ಕೊಡ್ರಿ. ಒಳಗ ಬೆಳಕಿಲ್ಲ, ಕಟ್ಟಿ ಮ್ಯಾಲ ಕುಂಡ್ರಬೇಕು. ಏನ್ ನೋಡಾಕತ್ತೀರಿ? ಆ ಸೀರಿ ತಗದು ವಾಕರ್ ಕೊಡ್ರಿ!"

ಮಂಚದಿಂದ ಮನೆಮುಂದಿನ ಕಟ್ಟೆಗೆ ಬಹಳ ದೂರವೇನಿಲ್ಲ. ಆದರೆ ಅವಳು ಹಲ್ಲು ಕಚ್ಚಿ ಒಂದೊಂದೇ ಹೆಜ್ಜೆ ಇಟ್ಟಳು. ಕೈಕೊಡಲು ಹೋದರೆ ಬೈದಳು. ಕಟ್ಟೆಯ ಮೇಲೆ ಹಾಕಿಸಿದ ಕುರ್ಚಿಯಲ್ಲಿ ಕೂತು ಮರವನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಟ್ಟಿದಳು. ಗುಂಡಗಿನ ಜೋಳ, ಹೆಸರು ಉರುಳಿ ಮುಂದೆ ಬಂದವು. ಉದ್ದನೆಯ ಅಕ್ಕಿ, ಗೋಧಿ ಹಿಂದೆಯೇ ಉಳಿದವು. ಉಳಿದದ್ದು ಬೆರಳಿನ ಕೆಲಸ. ಪಕ್ಕದ ಮನೆಯ ಹುಸೇನಬಿ, ಗಂಡನ ಹೊಲಿಗೆ ಅಂಗಡಿಗೆ ಗುಂಡಿ ಹಚ್ಚಿ ಕೊಡುವವಳು, ತನ್ನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಬಹಳ ಹೊತ್ತು ತಡೆಯಲಾಗಲಿಲ್ಲ ಅವಳಿಗೆ.

"ಶಾಂತಕ್ಕಾ, ನನಗೂ ಇಷ್ಟು ಹಾಕವಾ. ಕೈ ಕಟಗೊಂಡು ನೋಡಾಕ ಆಗವಲ್ತು," ಎಂದು ತಾನೂ ಒಂದು ಅಗಲವಾದ ಪರಾತ ತಂದು ಕೂತಳು. ಹೋದ ವರ್ಷ ಅವಳ ತಮ್ಮನ ಹೆಂಡತಿಯ ಹೆರಿಗೆಗೆ ಸೊರಟೂರಿನಿಂದ ಬಂದವರು ಆಸ್ಪತ್ರೆಯ ಮರದ ಕೆಳಗೆ ಈ ಕಾಳಿನ ಅನ್ನವನ್ನೇ ಉಂಡಿದ್ದರಂತೆ. ಅದು ಯಾರ ಅನ್ನವೆಂದು ಅವಳಿಗೆ ಗೊತ್ತಾದದ್ದು ಆವತ್ತೇ.

ನನಗೂ ಒಂದು ಕೆಲಸ ಸಿಕ್ಕಿತು. ಆರಿಸಿದ್ದನ್ನು ಚೀಲಕ್ಕೆ ತುಂಬಿ ಆಸ್ಪತ್ರೆಗೆ ಸಾಗಿಸುವುದು, ಶಾಂತವ್ವ ಹೇಳಿದಾಗ ಚಹಾ ಮಾಡುವುದು, ಅವಳು ಬೈದಾಗ ಬೈಸಿಕೊಳ್ಳುವುದು. ಈ ಕೊನೆಯದಕ್ಕೆ ನಮ್ಮ ಸಭೆಯಲ್ಲಿ ಯಾರೂ ಟವೆಲ್ಲು ಹಾಕಿರಲಿಲ್ಲ.

ಡ್ರಮ್ಮನ್ನು ನಾನು ತೆಗೆಸಲಿಲ್ಲ. ಕಾಳು ಪ್ರತಿ ತಿಂಗಳೂ ಬೆರೆತೇ ಬಂತು, ಆ ಕಟ್ಟೆಯೂ ತುಂಬುತ್ತ ಬಂತು. ಮಾತು ಬಿಟ್ಟಿದ್ದ ಹೂವಿನ ಅಕ್ಕತಂಗಿಯರೂ ಬಂದರು. ಇನ್ನೂ ಮಾತಾಡುವುದಿಲ್ಲ, ಆದರೆ ಒಬ್ಬಳ ಪರಾತದ ಗೋಧಿಯನ್ನು ಇನ್ನೊಬ್ಬಳು ಕೇಳದೆಯೇ ಆರಿಸಿಕೊಡುತ್ತಾಳೆ. ಅಷ್ಟಾದರೂ ಆಯಿತಲ್ಲ ಎಂದು ನನಗೆ ಸಂತೋಷ. ಶಾಂತವ್ವ ವಾಕರ್ ಬಿಟ್ಟು ಕೋಲು ಹಿಡಿದಳು.

ನಮ್ಮ ಸಭಾಪಾಲಕರಿಗೆ ಮಾತ್ರ ಮುದುಕಿಗೆ ತ್ರಾಸು ಕೊಡುತ್ತಿದ್ದೇವೆಂಬ ಸಂಕಟ. ಒಂದು ಭಾನುವಾರ ಅವರು, ಇನ್ನು ಮೇಲೆ ಕಾಳುಗಳನ್ನು ಬೇರೆ ಬೇರೆ ಕಟ್ಟಿ ತರಬೇಕೆಂದು ಎಲ್ಲರಿಗೂ ವಿನಂತಿಸಿದರು. ನಮ್ಮ ಹೆಂಗಸರು ಮಾತು ಮೀರುವವರಲ್ಲ. ಮುಂದಿನ ತಿಂಗಳು ಡ್ರಮ್ಮಿನ ಬಾಯಿತನಕ ಅಚ್ಚುಕಟ್ಟಾದ ಸಣ್ಣ ಸಣ್ಣ ಗಂಟುಗಳು. ಜೋಳ ಬೇರೆ, ಅಕ್ಕಿ ಬೇರೆ. ಶಾಂತವ್ವನ ಕಟ್ಟೆಯಲ್ಲಿ ಆರಿಸಲು ಇನ್ನು ಒಂದು ಕಾಳೂ ಇರಲಿಲ್ಲ. ಅಂದೇ ಶಾಂತವ್ವ, ಬಿದ್ದ ಮೇಲೆ ಮೊದಲ ಸಲ, ಚರ್ಚಿಗೆ ಬಂದಿದ್ದಳು.

ಆರಾಧನೆ ಮುಗಿದು ಜನ ಹೊರಗೆ ಹೋಗುತ್ತಿದ್ದರು. ಅವಳು ಕೋಲೂರಿಕೊಂಡು ಪಡಸಾಲೆಗೆ ಬಂದು ಡ್ರಮ್ಮಿನೊಳಗೆ ಇಣುಕಿದಳು. ಕೋಲನ್ನು ನನ್ನ ಕೈಗೆ ಕೊಟ್ಟಳು. ಮೇಲಿನ ಗಂಟು ತೆಗೆದು, ಹಲ್ಲಿನಿಂದ ಬಿಚ್ಚಿ, ಕಾಳನ್ನು ಮತ್ತೆ ಡ್ರಮ್ಮಿಗೇ ಸುರಿದಳು. ಇನ್ನೊಂದು ತೆಗೆದಳು.

ಸಭಾಪಾಲಕರು ಗಾಬರಿಯಾಗಿ ಓಡಿ ಬಂದರು. "ಶಾಂತವ್ವಾ, ಏನ್ ಮಾಡಾಕತ್ತಿ? ನಿನಗ ತ್ರಾಸ ಆಗಬಾರ್ದಂತ ಕಟ್ಟಿಸೇನಿ!"

"ಕಟ್ಟಿ ತಂದ್ರ ನಾ ಏನ್ ಮಾಡ್ಲೆಪಾ?" ಎನ್ನುತ್ತ ಅವಳು ಮತ್ತೊಂದು ಗಂಟಿಗೆ ಕೈ ಹಾಕಿದಳು.

ನಾನು ಕೋಲನ್ನು ಗೋಡೆಗೆ ಆನಿಸಿ, ಇನ್ನೊಂದು ಬದಿಯಿಂದ ಬಿಚ್ಚತೊಡಗಿದೆ.