ಯುಲಾಲಿ ಮಿಸ್ಸಿನ ಪೊರಕೆ ಪಾಠ

ತವಾದ ಮೇಲೆ ಎರಡನೆಯ ರೊಟ್ಟಿ ಉಬ್ಬುತ್ತಿದೆ. ಐದು ಗಂಟೆ ದಾಟಿ ಹತ್ತು ನಿಮಿಷವಾದರೂ ಪಕ್ಕದ ಮನೆಯಿಂದ ಲೋಟದ ಸದ್ದು ಬಂದಿಲ್ಲ. ದಿನವೂ ಬೆಳಗಿನ ಐದಕ್ಕೆ ಸರಿಯಾಗಿ ಯುಲಾಲಿ ಗ್ರಿಮಂಡ್ ಎನಾಮಲ್ ಲೋಟಕ್ಕೆ ಚಮಚದಿಂದ ಮೂರು ಸಲ ಬಡಿಯುತ್ತಾರೆ. ಗಯಾನಾದ ಮಹಾಯ್ಕನಿ ಹೊಳೆಯ ಈ ದಂಡೆಯ ಮಕ್ಕಳಿಗೆ ಅದೇ ಪಾಠದ ಗಂಟೆ. ನಾನು ಒಲೆ ಆರಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಬೇಲಿ ದಾಟುತ್ತೇನೆ. ಮಗಳು ಓಮಾ ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಹಿಂದೆ ಬರುತ್ತಾಳೆ.

ಯುಲಾಲಿ ಮಿಸ್ ಕೆಳಗಿನ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಾರೆ. ಎರಡೂ ಪಾದ ಊದಿವೆ.

"ಏನಾಯ್ತು ಮಿಸ್?"

"ಏನಿಲ್ಲ ಮಗೂ. ನಾನು ಎದ್ದಿದೀನಿ, ಇವೆರಡು ಇನ್ನೂ ಎದ್ದಿಲ್ಲ. ಆ ಕಡೆ ನಿನ್ನ ರೊಟ್ಟಿ ಸೀದ್ರೆ ನನ್ನ ಮೇಲೆ ಹಾಕ್ಬೇಡ."

ಓಮಾ ಲೋಟ ತಂದು ಕೊಡುತ್ತಾಳೆ. ಮಿಸ್ ಕೂತಲ್ಲೇ ಬಡಿಯುತ್ತಾರೆ. ಗದ್ದೆಯಂಚಿನ ಮನೆಗಳಿಂದ ಮಕ್ಕಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಎತ್ತರದ ಕಂಬಗಳ ಮೇಲೆ ಮನೆ, ಕೆಳಗೆ ನೆರಳಿನ ಜಾಗ. ಅಲ್ಲಿ ಎರಡು ಬೆಂಚು, ಒಂದು ಜೋಲಿ, ಒಂದು ಕರಿಹಲಗೆ. ಈ ವರ್ಷ ಹದಿನೇಳು ಮಕ್ಕಳು. ಬುಧವಾರ ಆರನೇ ತರಗತಿಯ ಪರೀಕ್ಷೆ. ಇವತ್ತಿನದು ಕೊನೆಯ ಪಾಠ.

ಮಿಸ್‌ಗೆ ಈಗ ಅರವತ್ತೇಳು. ಯಾವ ಶಾಲೆಯಲ್ಲೂ ಅವರು ಶಿಕ್ಷಕಿಯಾಗಿದ್ದವರಲ್ಲ. ಇಪ್ಪತ್ತಮೂರನೆಯ ವಯಸ್ಸಿನಿಂದ ಐವತ್ತೈದರವರೆಗೆ ಒಂದು ಶಾಲೆಯ ಕಸ ಗುಡಿಸಿದವರು. ಇಂಗ್ಲಿಷ್ ವ್ಯಾಕರಣವನ್ನು ಕಲಿತದ್ದು ವರಾಂಡದಲ್ಲಿ, ಕಿಟಕಿಯ ಈಚೆ ನಿಂತು.

"ನನಗೆ ಯಾರೂ ಬರೀ 'ಗುಡಿಸು' ಅಂದೋರೇ ಇಲ್ಲ," ಎನ್ನುತ್ತಾರೆ. "ಗುಡಿಸೋಕೆ ಇರೋಳೇ ಅಲ್ವಾ ನಾನು? 'ಸದ್ದಿಲ್ಲದೆ ಗುಡಿಸು, ಯುಲಾಲಿ. ಬೇಗ ಗುಡಿಸು. ಆಮೇಲೆ ಗುಡಿಸು. ಅಲ್ಲಿ ಗುಡಿಸು.' ಒಂದಿನ ಒಳಗೆ ಟೀಚರು ಆ್ಯಡ್‌ವರ್ಬ್ ಪಾಠ ಮಾಡ್ತಿದ್ರು. ಕೆಲಸ ಹೇಗೆ ಆಯ್ತು, ಯಾವಾಗ ಆಯ್ತು, ಎಲ್ಲಿ ಆಯ್ತು ಅಂತ ಹೇಳೋ ಪದ ಅಂದ್ರು. ಅಯ್ಯೋ, ಇದನ್ನ ನಾನು ದಿನಾ ಕೇಳಿಸ್ಕೊಳ್ತಿದೀನಲ್ಲ ಅಂದ್ಕೊಂಡೆ. ಪೊರಕೆ ಗೋಡೆಗೊರಗಿಸಿ ಪೂರ್ತಿ ಕೇಳಿದೆ. ಆಮೇಲೆ ಬೈಸಿಕೊಂಡೆ, ಅದು ಬಿಡು."

ವರಾಂಡದಲ್ಲಿ ಅಳುತ್ತಿದ್ದ ಒಬ್ಬ ಹುಡುಗಿಗೆ ಪಾಠ ಬಿಡಿಸಿ ಹೇಳಿದ್ದರಿಂದ ಇದೆಲ್ಲ ಶುರುವಾಯಿತು. ಅದಕ್ಕೆ ಈಗ ಇಪ್ಪತ್ತನಾಲ್ಕು ವರ್ಷ. ಮೊದಮೊದಲು "ಕಸ ಗುಡಿಸೋಳ ಹತ್ರ ಇಂಗ್ಲಿಷಾ?" ಎಂದು ಮೂಗು ಮುರಿದವರು ಆಮೇಲೆ ತಮ್ಮ ಮಕ್ಕಳನ್ನೂ ತಂದು ಬಿಟ್ಟರು. ಒಬ್ಬರು ಬಾಳೆಕಾಯಿ ಕೊಡುತ್ತಾರೆ, ಒಬ್ಬರು ಕಾಲುವೆಯ ಮೀನು.

ಅವರ ಪಾಠದ ಕ್ರಮವೇ ಬೇರೆ. ಹಳೆಯ ಹಾಲಿನಪುಡಿ ಡಬ್ಬಿಯ ತುಂಬ ಮಡಿಸಿದ ಚೀಟಿ, ಒಂದೊಂದರಲ್ಲಿ ಒಂದು ಕ್ರಿಯಾವಿಶೇಷಣ. ಚೀಟಿ ಎತ್ತಿದವರು ಬಾಯಿ ಬಿಡದೆ, ಅಲ್ಲಿ ಬರೆದ ಹಾಗೆ ಅಂಗಳ ಗುಡಿಸಬೇಕು. ಸಿಟ್ಟಿನಿಂದ, ಮೆಲ್ಲಗೆ, ಅಸಡ್ಡೆಯಿಂದ. ಉಳಿದವರು ಆ ಪದವನ್ನು ಊಹಿಸಿ, ಪ್ರಶ್ನೆಯ ರೂಪದಲ್ಲೇ ಕೇಳಬೇಕು. ತೆಂಗಿನ ಕಡ್ಡಿ ಪೊರಕೆ ಒಂದು ಬೆಳಗಿನಲ್ಲಿ ಆರೇಳು ಕೈ ದಾಟುತ್ತದೆ. ಆ ಅಂಗಳದಲ್ಲಿ ಒಂದು ಎಲೆ ಉಳಿದದ್ದನ್ನು ನಾನು ಕಂಡಿಲ್ಲ.

ರಸ್ತೆಯಲ್ಲಿ ಮಿನಿಬಸ್ ಓಡಿಸುವ ಡೆಲ್‌ರಾಯ್ ಬಸ್ ನಿಲ್ಲಿಸಿ ಕೂಗುತ್ತಾನೆ: "ಏನು ಮಿಸ್, ಇವತ್ತೂ ಮಕ್ಕಳ ಕೈಲಿ ಬಿಟ್ಟಿ ಗುಡಿಸಿಸ್ಕೊಂಡ್ರಾ?"

"ನೀನು ಬಸ್ ಹೇಗೆ ಓಡಿಸ್ತೀಯ ಅನ್ನೋಕೂ ನನ್ನ ಹತ್ರ ಒಂದು ಪದ ಇದೆ ಕಣೋ. ಮಕ್ಕಳಿದ್ದಾರೆ, ಹೇಳಲ್ಲ!"

ನಮ್ಮ ಮಕ್ಕಳು ಬರೆಯುವಾಗ ಮನೆಯಲ್ಲಿ ಆಡುವ ಇಂಗ್ಲಿಷನ್ನೇ ಬರೆಯುತ್ತಾರೆ. ಮುದುಕ 'ಸ್ಲೋ ಸ್ಲೋ' ನಡೆದ, ದೋಣಿ 'ಕ್ವಿಕ್ ಕ್ವಿಕ್' ಬಂತು. ಶಾಲೆಯಲ್ಲಿ ಅದಕ್ಕೆ ಕೆಂಪು ಗೆರೆ. ಮಿಸ್ ಕೆಂಪು ಪೆನ್ನು ಇಟ್ಟುಕೊಂಡೇ ಇಲ್ಲ. "ಅದು ಮನೆಯಲ್ಲಿ ಉಡೋ ಬಟ್ಟೆ. ಚೆನ್ನಾಗೇ ಇದೆ. ಪರೀಕ್ಷೆಗೆ ಹೋಗೋವಾಗ 'ಸ್ಲೋಲಿ' ಹಾಕ್ಕೊಂಡು ಹೋಗಿ, ಬಂದು ಬಿಚ್ಚಿಡಿ," ಎನ್ನುತ್ತಾರೆ. ಪಕ್ಕದ ಹಳ್ಳಿಯ ಹೆಸರು 'ನೌ ಆರ್ ನೆವರ್'. ಈಗ, ಇಲ್ಲದಿದ್ದರೆ ಎಂದೂ ಇಲ್ಲ. "ಎರಡು ಕ್ರಿಯಾವಿಶೇಷಣ ಬೋರ್ಡ್ ಮೇಲೆ ನಿಂತಿವೆ, ನೀವು ದಿನಾ ಅದರ ಮುಂದೆ ಹಾದು ಹೋಗ್ತೀರಿ, ನನ್ನ ಹತ್ರ ಬಂದು ಗೊತ್ತಿಲ್ಲ ಅಂತೀರಿ!"

ಅವರದು ಒಂದೇ ಕಟ್ಟುನಿಟ್ಟು. ಬೆಂಚು ಬಿಡುವ ಮೊದಲು ಪ್ರತಿ ಮಗುವೂ ಒಮ್ಮೆಯಾದರೂ ಬಾಯಿಬಿಟ್ಟು ಪ್ರಶ್ನೆ ಕೇಳಿರಬೇಕು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಕೇಳದೆ ಹೋದವರಿಲ್ಲ. ಎಲ್ಲರ ಮೊದಲ ಪ್ರಶ್ನೆಯೂ ಅವರಿಗೆ ನೆನಪಿದೆ. ನನ್ನದೂ. "ನೀನು ಕೇಳಿದ್ದು 'ಮಿಸ್, ಮನೆಗೆ ಹೋಗ್ಲಾ?' ಅಂತ," ಎಂದು ಈಗಲೂ ಆಡಿಕೊಳ್ಳುತ್ತಾರೆ.

ಓಮಾ ಎಂಟು ತಿಂಗಳಿಂದ ಒಂದೂ ಕೇಳಿಲ್ಲ. ಚೀಟಿ ಬಂದರೆ ಚೆನ್ನಾಗಿಯೇ ಗುಡಿಸುತ್ತಾಳೆ. ಕೇಳುವ ಸರದಿ ಬಂದಾಗ ಬೆಂಚಿನ ತುದಿಗೆ ಸರಿದು ಉಗುರು ನೋಡುತ್ತಾಳೆ. ಶಾಲೆಯಲ್ಲೂ ಹಾಗೆಯೇ. ಅರ್ಥವಾಗದ್ದು ಅರ್ಥವಾಗದೆಯೇ ಉಳಿಯುತ್ತದೆ. ನಾನು ಗದರಿಸಿಲ್ಲ. ತಲೆ ಬಾಚುವಾಗ ಒಮ್ಮೊಮ್ಮೆ ಕೇಳುತ್ತೇನೆ, ಅವಳು ಭುಜ ಕುಣಿಸುತ್ತಾಳೆ.

ಆರೋಗ್ಯ ಕೇಂದ್ರದ ನರ್ಸ್ ಇನ್ನು ನಿಂತು ಪಾಠ ಮಾಡಬೇಡಿ ಎಂದು ಹೇಳಿ ವರ್ಷವಾಯಿತು. ಇದೇ ಕೊನೆಯ ತಂಡವೆಂದು ಮಿಸ್ ನಿರ್ಧರಿಸಿದ್ದಾರೆ. "ದಣಿದಿದೀನಿ ಮಗೂ, ಸುಳ್ಳು ಯಾಕೆ ಹೇಳಲಿ," ಎಂದು ನನಗೆ ಮೆಲ್ಲಗೆ ಹೇಳುತ್ತಾರೆ. "ಆದ್ರೆ ನಿನ್ನ ಮಗಳು ಒಂದು ಸಲ ಕೇಳಲಿ, ಬೆಂಚು ಎತ್ತಿಡ್ತೀನಿ. ಒಬ್ಬಳನ್ನ ಮೂಕಿಯಾಗಿ ಕಳಿಸಿ ಬಾಗಿಲು ಹಾಕ್ಕೊಂಡ್ರೆ ನನಗೆ ನಿದ್ದೆ ಬರಲ್ಲ."

ಬೆಳಕು ಹರಿಯುತ್ತಿದೆ. ಮನೆಯಲ್ಲಿ ಅರ್ಧ ಹಿಟ್ಟು ಹಾಗೆಯೇ ಇದೆ. ಆದರೂ ನಾನು ಕಂಬಕ್ಕೆ ಒರಗಿ ನಿಂತೇ ಇದ್ದೇನೆ.

"ಕೊನೇ ಚೀಟಿ ನಂದು," ಎಂದು ಮಿಸ್ ಡಬ್ಬಿಗೆ ಕೈ ಹಾಕುತ್ತಾರೆ. ಓದಿ, ಮಡಿಸಿ, ರವಿಕೆಯೊಳಗೆ ಇಟ್ಟುಕೊಳ್ಳುತ್ತಾರೆ. ಕೈಗೋಲಿನಂತೆ ಪೊರಕೆ ಊರಿ ಎದ್ದು ಅಂಗಳಕ್ಕಿಳಿಯುತ್ತಾರೆ.

"ಮಿಸ್, ನಿಧಾನವಾಗಿ ಗುಡಿಸ್ತಿದೀರಾ?"

ಅವರು ತಲೆಯಾಡಿಸಿ ಅಲ್ಲ ಎನ್ನುತ್ತಾರೆ.

"ಸದ್ದಿಲ್ಲದೆ ಗುಡಿಸ್ತಿದೀರಾ?"

ಅಲ್ಲ.

"ಜೋಪಾನವಾಗಿ? ಹೆಮ್ಮೆಯಿಂದ? ಮಿಸ್, ಸೋಮಾರಿತನದಿಂದಾ?" ಮಕ್ಕಳು ನಗುತ್ತಾರೆ. ಮಿಸ್ ಕೂಡ ನಗುತ್ತಾರೆ, ಅಲ್ಲ ಎನ್ನುತ್ತಾರೆ. ಪೊರಕೆ ಎರಡು ಸಲ ಆಡುತ್ತದೆ, ನಿಲ್ಲುತ್ತದೆ. ಅವರು ಸೊಂಟಕ್ಕೆ ಕೈ ಕೊಟ್ಟು ಉಸಿರು ತೆಗೆದುಕೊಂಡು ಮತ್ತೆ ಬಾಗುತ್ತಾರೆ. ಮಕ್ಕಳ ಊಹೆಗಳು ಮುಗಿಯುತ್ತವೆ.

ಬೆಂಚಿನ ತುದಿಯಲ್ಲಿ ಓಮಾ ಎದ್ದು ನಿಂತಿದ್ದಾಳೆ. ಉಗುರು ನೋಡುತ್ತಿಲ್ಲ. ಆ ಊದಿದ ಪಾದಗಳನ್ನೇ ನೋಡುತ್ತಿದ್ದಾಳೆ.

"ಮಿಸ್," ಎನ್ನುತ್ತಾಳೆ, ಎಲ್ಲರಿಗೂ ಕೇಳುವ ಹಾಗೆ. "ನೀವು ಸುಸ್ತಾಗಿ ಗುಡಿಸ್ತಿದೀರಾ?"