ಕಣ್ಣು ಕಟ್ಟಿಕೊಂಡು ಬಂದ ಅಳಿಯ

ನಮ್ಮ ವಾರ್ಡಿನ ಚೀನಾದ ನರ್ಸ್ ಹುಡುಗಿ ಅಮೆರಿಕದವನನ್ನು ಮದುವೆಯಾಗುತ್ತೇನೆ ಅಂದಾಗಲೇ ನನಗೆ ಸಂಶಯ ಬಂದಿತ್ತು. ಆ ಹುಡುಗ ಗಲ್ಫಿನ ಮಾಹೂಝ್‌ನ ನಮ್ಮ ಫ್ಲ್ಯಾಟಿಗೆ ಬಂದಾಗಲೆಲ್ಲ ನನ್ನ ನೀರುದೋಸೆಯನ್ನು ಹೊಗಳಿದ್ದೇ ಹೊಗಳಿದ್ದು. ತಿಂದ ತಟ್ಟೆಯನ್ನೂ ತೊಳೆಯಲು ಹೊರಡುತ್ತಿದ್ದ. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಗಂಡನಿಗೆ ಹೇಳಿದೆ. ನಿನಗೆ ದೇವರ ಮೇಲೂ ಡೌಟು ಅಂದರು. ಇರಲಿ, ಬೆಳ್ಳಗಿರುವುದೆಲ್ಲ ಹಾಲಲ್ಲ ಮಾರಾಯ್ರೆ.

ಹುಡುಗಿಗೆ ಅಪ್ಪ ಇಲ್ಲ. ಮದುವೆಗೆಂದು ಊರಿಂದ ಬಂದ ಅಮ್ಮ ನನಗಿಂತಲೂ ಸಂಶಯದವರು. ಅವರಲ್ಲಿ ಮದುವೆಯ ದಿನ ವಧೂವರರು ಹಿರಿಯರೆದುರು ಮೊಣಕಾಲೂರಿ ಚಹಾ ಕೊಡಬೇಕಂತೆ. ಹಿರಿಯರು ಕುಡಿದರೆ ಒಪ್ಪಿದ ಹಾಗೆ. ಸಂಜೆ ಹೋಟೆಲಿನಲ್ಲಿ ಬಿಳಿ ಗೌನು, ಉಂಗುರ, ಕೇಕು, ಎಲ್ಲ ಅಮೆರಿಕದ ಪದ್ಧತಿ. ಬೆಳಿಗ್ಗೆ ಚಹಾ ನಮ್ಮ ಮನೆಯಲ್ಲಿ, ಯಾಕೆಂದರೆ ಅವಳು ಇನ್ನಿಬ್ಬರ ಜೊತೆ ಒಂದೇ ರೂಮಿನಲ್ಲಿದ್ದವಳು.

"ಅಮ್ಮ ಕುಡಿಯದಿದ್ದರೆ ನಾನು ಸಂಜೆ ಹೋಟೆಲಿಗೆ ಹೋಗುವುದಿಲ್ಲ, ಸಿಸ್ಟರ್" ಅಂತ ಅವಳು ನನ್ನ ಹತ್ತಿರ ಹೇಳಿದ್ದಳು. ಹೇಳಿದ್ದನ್ನು ಮಾಡುವ ಹುಡುಗಿ ಅವಳು.

ಅವತ್ತು ಬೆಳಿಗ್ಗೆ ಕೆಂಪು ಬಟ್ಟೆ ಉಟ್ಟು ಕೂತಳು. ಅಮ್ಮ ಸೋಫಾದಲ್ಲಿ ಕೂತರು. ಚಹಾ ಆರಿತು, ಮತ್ತೆ ಮಾಡಿದೆ, ಅದೂ ಆರಿತು. ಹುಡುಗನ ಪತ್ತೆಯೇ ಇಲ್ಲ, ಫೋನೂ ಎತ್ತುತ್ತಿಲ್ಲ. ಕೈಕೊಟ್ಟ ಅಂತಲೇ ಲೆಕ್ಕ ಹಾಕಿದೆ ನಾನು. ಅಮ್ಮ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಭಾಷೆ ಬೇಕಾಗಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಪಾರ್ಕಿಂಗಿನಿಂದ ಬಂದರು. ಹುಡುಗ ಕೆಳಗೆ ಕಾರಿನಲ್ಲೇ ಇದ್ದಾನಂತೆ, ಮದುವೆಗೆಂದು ಬಂದ ಅವನ ಅಮ್ಮ ಮೇಲೆ ಬರಲು ಬಿಡುತ್ತಿಲ್ಲವಂತೆ. ಮದುವೆಗೆ ಮೊದಲು ಅದೇ ದಿನ ವರ ವಧುವನ್ನು ನೋಡಿದರೆ ಅಪಶಕುನ ಅಂತ ಅವರ ಕಡೆಯ ನಂಬಿಕೆ. ಇಷ್ಟೆಲ್ಲ ತಯಾರಿ ಮಾಡಿಕೊಂಡ ಇಬ್ಬರಿಗೂ ಇದು ಮೊದಲೇ ಹೊಳೆಯಲಿಲ್ಲವಲ್ಲ! ನೆಪ ಹುಡುಕುತ್ತಿದ್ದಾಳೆ ಆ ಹೆಂಗಸು, ಚೀನಾದ ಸೊಸೆ ಬೇಡ ಅವಳಿಗೆ, ಅಂದೆ ನಾನು.

ಗಂಡ ಮತ್ತೆ ಕೆಳಗಿಳಿದರು. ಕೊನೆಗೆ ಹುಡುಗ ಬಂದ. ಟೈಯನ್ನೇ ಕಣ್ಣಿಗೆ ಕಟ್ಟಿಕೊಂಡು, ನನ್ನ ಗಂಡನ ಕೈ ಹಿಡಿದುಕೊಂಡು ಬಂದ. ಹಿಂದೆ ಅವನ ಅಮ್ಮ ಬಂದು ಬಾಗಿಲ ಬಳಿ ನಿಂತಳು. ಹುಡುಗ ಹುಡುಗಿಯ ಪಕ್ಕ ಮೊಣಕಾಲೂರಿದ, ಇಬ್ಬರೂ ಸೇರಿ ಕಪ್ಪು ಚಾಚಿದರು. ಅರ್ಧ ಚಹಾ ನನ್ನ ಚಾಪೆಗೆ ಹೋಯಿತು.

ಹುಡುಗಿಯ ಅಮ್ಮ ಮಡಿಲಿಂದ ಕೈ ಎತ್ತಲಿಲ್ಲ. ಏನೋ ಹೇಳಿದರು. ಹುಡುಗಿ ತಲೆ ತಗ್ಗಿಸಿಯೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು: "ನನ್ನ ಮಗಳ ಮುಖ ನೋಡಲು ಹೆದರುವವನ ಚಹಾ ನನಗೆ ಬೇಡ."

 ಹುಡುಗ ಟೈ ಬಿಚ್ಚಿ ಅವಳನ್ನು ನೋಡಿದ, ನೋಡುತ್ತಲೇ ಇದ್ದ. ಹುಡುಗಿಯ ಅಮ್ಮ ಕಪ್ಪು ತೆಗೆದುಕೊಂಡು ಕೊನೆಯ ಗುಟುಕಿನವರೆಗೂ ಕುಡಿದರು. ಹುಡುಗಿ ಅಲ್ಲೇ ಅತ್ತುಬಿಟ್ಟಳು. ನಾನೂ ಕಣ್ಣು ಒರೆಸಿಕೊಂಡೆ, ಸುಳ್ಳು ಹೇಳುವುದಿಲ್ಲ.

ಅವನ ಅಮ್ಮ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಎಷ್ಟು ಜಂಬ ನೋಡಿ ಅಂತ ಸಿಟ್ಟು ಬಂತು, ಎರಡು ಮಾತು ಕೇಳಿಯೇ ಬಿಡುವ ಅಂತ ಹತ್ತಿರ ಹೋದೆ. ಅವಳ ತುಟಿ ನಡುಗುತ್ತಿತ್ತು.

"ನನ್ನ ಮದುವೆಯ ದಿನ ಚರ್ಚಿಗೆ ಹೋಗುವ ಮೊದಲೇ ಇವನ ಅಪ್ಪ ನಗುತ್ತಾ ಓಡಿಬಂದು ನನ್ನನ್ನು ನೋಡಿದ್ದ" ಅಂದಳು. "ಇವನು ಹುಟ್ಟುವ ಮೊದಲೇ ಅವನು ತೀರಿಹೋದ."

ಎರಡು ಮಾತು ಕೇಳಲು ಹೋದವಳು ಒಳಗೆ ಹೋಗಿ ಅವಳಿಗೂ ಒಂದು ಕಪ್ಪು ಬಿಸಿ ಚಹಾ ಮಾಡಿ ತಂದೆ.